ಜರ್ಮನಿಯಲ್ಲಿ ಮನೆ ಮಾಡಿದವರಿಗೆ ಟಿವಿ: ಆಂಟೆನಾ, ಕೇಬಲ್, ಡಿಶ್, ಇಂಟರ್ನೆಟ್‌ಗಳಲ್ಲಿ ಯಾರಿಗೆ ಯಾವುದು

ಕೆಲಸಕ್ಕೋ ಓದಿಗೋ ಜರ್ಮನಿಗೆ ಬಂದು, ಬಾಡಿಗೆ ಮನೆ ಸಿಕ್ಕಿ, ಮಂಚ ಮೇಜುಗಳು ಒಂದು ನೆಲೆಗೆ ಬಂದ ಮೇಲೆ ಕನ್ನಡಿಗರ ಮನೆಗಳಲ್ಲಿ ಏಳುವ ಪ್ರಶ್ನೆ ಟಿವಿಯದು. ಊರಿನಲ್ಲಾದರೆ ಬೀದಿಯ ಕೇಬಲ್‌ನವರಿಗೆ ಹೇಳಿದರೆ, ಇಲ್ಲವೇ ಡಿಟಿಎಚ್ ಬಾಕ್ಸ್ ಹಾಕಿಸಿದರೆ ಮುಗಿಯುತ್ತದೆ. ಇಲ್ಲಿ ಗೋಡೆಯಲ್ಲಿ ಎರಡು ಮೂರು ತೂತುಗಳ ಸಾಕೆಟ್ ಇರುತ್ತದೆ, ಅದರಲ್ಲಿ ಏನು ಬರುತ್ತದೆಂಬುದು ಎಷ್ಟೋ ಸಲ ಮಾಲೀಕರಿಗೂ ಗೊತ್ತಿರುವುದಿಲ್ಲ. ಅಂಗಡಿಯಲ್ಲಿ ನಾಲ್ಕು ಬಗೆಯ ರಿಸೀವರ್‌ಗಳಿರುತ್ತವೆ, ಬಾಗಿಲು ತಟ್ಟುವ ಮಾರಾಟಗಾರ ಎರಡು ವರ್ಷದ ಕರಾರಿಗೆ ಸಹಿ ಕೇಳುತ್ತಾನೆ, ಅಷ್ಟರಲ್ಲಿ ಮುಂದಿನ ತಿಂಗಳು ಅಪ್ಪ ಅಮ್ಮ ಬರುತ್ತಾರೆ, ಅವರಿಗೆ ಕನ್ನಡ ಚಾನೆಲ್ ಬೇಕು ಎಂಬ ಆತುರವೂ ಸೇರಿಕೊಳ್ಳುತ್ತದೆ.

ಈ ಗೊಂದಲದಲ್ಲಿ ಮೊದಲು ಬಿಡಿಸಿಕೊಳ್ಳಬೇಕಾದ ಸಂಗತಿ ಒಂದೇ. ಜರ್ಮನಿಯಲ್ಲಿರುವ ಕನ್ನಡ ಕುಟುಂಬಕ್ಕೆ ಟಿವಿ ಎನ್ನುವುದು ಎರಡು ಬೇರೆ ಬೇರೆ ಅಗತ್ಯಗಳ ಹೆಸರು. ಇಲ್ಲಿನ ಭಾಷೆ, ಸುದ್ದಿ, ಮಕ್ಕಳ ಕಾರ್ಯಕ್ರಮ, ಫುಟ್‌ಬಾಲ್ ಒಂದು ಕಡೆ. ಊರಿನ ಧಾರಾವಾಹಿ, ಕನ್ನಡ ವಾರ್ತೆ, ಸಿನಿಮಾ ಇನ್ನೊಂದು ಕಡೆ. ಇವೆರಡೂ ಬೇರೆ ಬೇರೆ ದಾರಿಯಿಂದ ಬರುತ್ತವೆ. ಒಂದೇ ಕರಾರಿನಲ್ಲಿ ಎರಡನ್ನೂ ತುಂಬಿಸಿಕೊಳ್ಳಲು ಹೊರಟವರು ಹೆಚ್ಚು ಹಣ ಕೊಟ್ಟು ಎರಡರಲ್ಲೂ ಅರ್ಧದಷ್ಟನ್ನೇ ಪಡೆಯುತ್ತಾರೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಯಾವುದನ್ನು ನೋಡಿ ಆರಿಸಬೇಕು

ಬೆಲೆಗಿಂತ ಮೊದಲು ಮನೆಯನ್ನು ನೋಡಬೇಕು. ಗೋಡೆಯ ಸಾಕೆಟ್‌ನಲ್ಲಿ ತಿರುಪು ಹಾಕಿ ಬಿಗಿಯುವ ಎಳೆಗಳುಳ್ಳ ಲೋಹದ ತುದಿ ಇದ್ದರೆ, ಕಟ್ಟಡದ ಮೇಲೆ ಸಾಮೂಹಿಕ ಡಿಶ್ ಇರುವ ಸಾಧ್ಯತೆ ಹೆಚ್ಚು. ಬರೀ ಒತ್ತಿ ಸಿಕ್ಕಿಸುವ ದುಂಡು ತೂತುಗಳಿದ್ದು, ಅವುಗಳ ಜೊತೆಗೆ ಡೇಟಾ ಎಂದು ಬರೆದ ಇನ್ನೊಂದು ತುದಿ ಇದ್ದರೆ ಅದು ಸಾಮಾನ್ಯವಾಗಿ ಕೇಬಲ್ ಜಾಲ. ಬಾಲ್ಕನಿ ಇದ್ದರೆ ಅದು ಯಾವ ದಿಕ್ಕಿಗಿದೆ, ಎದುರಿಗೆ ಎತ್ತರದ ಕಟ್ಟಡವೋ ಮರವೋ ಇದೆಯೇ ಎಂಬುದನ್ನೂ ಗಮನಿಸಬೇಕು. ಈ ಹತ್ತು ನಿಮಿಷದ ಪರಿಶೀಲನೆ ಆಯ್ಕೆಗಳಲ್ಲಿ ಅರ್ಧದಷ್ಟನ್ನು ತಾನಾಗಿಯೇ ತೆಗೆದುಹಾಕುತ್ತದೆ.

ಎರಡನೆಯದು, ಈ ಮನೆಯಲ್ಲಿ ಎಷ್ಟು ಕಾಲ ಇರುತ್ತೀರಿ ಎಂಬುದು. ಕಂಪನಿಯವರು ಒಂದೂವರೆ ವರ್ಷಕ್ಕೆ ಕಳುಹಿಸಿದ್ದರೆ 24 ತಿಂಗಳ ಕರಾರು ಎಷ್ಟೇ ಅಗ್ಗವಾದರೂ ದುಬಾರಿಯೇ. ಮೂರನೆಯದು, ನೋಡುವವರು ಯಾರು ಮತ್ತು ಯಾವ ಹೊತ್ತಿನಲ್ಲಿ ನೋಡುತ್ತಾರೆ ಎಂಬುದು. ನಾಲ್ಕನೆಯದು, ತಿಂಗಳ ಬಾಬ್ತಿನ ಬದಲು ಎರಡು ವರ್ಷದ ಒಟ್ಟು ಖರ್ಚು. ಮೊದಲ ಆರು ತಿಂಗಳು ಉಚಿತ ಎನ್ನುವ ಜಾಹೀರಾತುಗಳನ್ನು ಅಳೆಯಲು ಬೇರೆ ಮಾರ್ಗವಿಲ್ಲ.

ಹೇಗೂ ಕೊಡಲೇಬೇಕಾದ ಶುಲ್ಕ

ಹೊಸಬರಿಗೆ ಅಚ್ಚರಿ ಹುಟ್ಟಿಸುವ ಪತ್ರವೊಂದು ನಗರಸಭೆಯಲ್ಲಿ ವಿಳಾಸ ನೋಂದಾಯಿಸಿದ ಕೆಲವು ವಾರಗಳಲ್ಲಿ ಬರುತ್ತದೆ. ಅದು ರುಂಡ್‌ಫುಂಕ್‌ಬೈಟ್ರಾಗ್, ಅಂದರೆ ಸಾರ್ವಜನಿಕ ಪ್ರಸಾರ ಸಂಸ್ಥೆಗಳಿಗಾಗಿ ಕಟ್ಟುವ ಶುಲ್ಕ. 2013ರಿಂದ ಇದನ್ನು ಉಪಕರಣದ ಲೆಕ್ಕದಲ್ಲಿ ವಸೂಲು ಮಾಡುವುದಿಲ್ಲ, ಮನೆಗೆ ಒಂದರಂತೆ ಕಟ್ಟಬೇಕು. 2021ರಲ್ಲಿ ತಿಂಗಳಿಗೆ 18.36 ಯೂರೋ ಎಂದು ನಿಗದಿಯಾದ ಈ ಶುಲ್ಕವನ್ನು ವಾಡಿಕೆಯಲ್ಲಿ ಮೂರು ತಿಂಗಳಿಗೊಮ್ಮೆ 55.08 ಯೂರೋದಂತೆ ಕಟ್ಟುತ್ತಾರೆ. ನಮ್ಮ ಮನೆಯಲ್ಲಿ ಟಿವಿಯೇ ಇಲ್ಲ ಎಂಬ ಉತ್ತರ ಇಲ್ಲಿ ನಡೆಯುವುದಿಲ್ಲ. ಪತ್ರವನ್ನು ಕಸದ ಬುಟ್ಟಿಗೆ ಹಾಕಿದರೆ ಬಾಕಿಯ ಜೊತೆಗೆ ದಂಡವೂ ಬೆಳೆಯುತ್ತದೆ. ಮೂವರು ಸೇರಿ ಒಂದು ಮನೆಯಲ್ಲಿದ್ದರೆ ಒಬ್ಬರು ಕಟ್ಟಿದರೆ ಸಾಕು. ಉಳಿದವರು ಆ ಕಟ್ಟುವವರ ಶುಲ್ಕ ಸಂಖ್ಯೆಯನ್ನು ತಿಳಿಸಿ ತಮ್ಮ ಹೆಸರನ್ನು ತೆಗೆಸಿಕೊಳ್ಳಬಹುದು.

ಇದನ್ನು ಮೊದಲೇ ಹೇಳಲು ಕಾರಣವಿದೆ. ಈ ಹಣದಿಂದ ನಡೆಯುವ ಎಆರ್‌ಡಿ, ಝಡ್‌ಡಿಎಫ್, ಪ್ರಾಂತೀಯ ವಾಹಿನಿಗಳು, ಆರ್ಟೆ, 3ಸಾಟ್, ಫೀನಿಕ್ಸ್, ಮಕ್ಕಳ ವಾಹಿನಿ ಕಿಕಾ ಎಲ್ಲವೂ ನೀವು ಆಗಲೇ ಬೆಲೆ ತೆತ್ತಿರುವ ಸರಕು. ಇವು ಆಂಟೆನಾದಲ್ಲಿಯೂ ಡಿಶ್‌ನಲ್ಲಿಯೂ ಚಂದಾ ಇಲ್ಲದೆ ಎಚ್‌ಡಿ ಗುಣಮಟ್ಟದಲ್ಲಿ ಬರುತ್ತವೆ, ತಮ್ಮದೇ ಆ್ಯಪ್‌ಗಳಲ್ಲಿ ನೇರಪ್ರಸಾರವಾಗಿಯೂ ಸಿಗುತ್ತವೆ. ಹಾಗಾಗಿ ಯಾವುದೇ ಕಂಪನಿ ನೂರು ಚಾನೆಲ್ ಎಂದು ಎಣಿಸಿ ತೋರಿಸಿದಾಗ, ಅದರಲ್ಲಿ ಎಷ್ಟು ನಿಮಗೆ ಆಗಲೇ ಉಚಿತವಾಗಿ ದೊರೆಯುವಂಥವು ಎಂದು ಕಳೆದು ನೋಡಬೇಕು. ಉಳಿಯುವುದು ಬಹುತೇಕ ಆರ್‌ಟಿಎಲ್, ಪ್ರೋಝೀಬೆನ್, ಸಾಟ್1, ವೋಕ್ಸ್‌ನಂಥ ಖಾಸಗಿ ವಾಹಿನಿಗಳು. ಅವು ನಿಮಗೆ ಬೇಕೇ ಎಂಬ ಒಂದು ಪ್ರಶ್ನೆಯ ಮೇಲೆ ಮುಂದಿನ ಖರ್ಚೆಲ್ಲ ನಿಂತಿದೆ.

ಜರ್ಮನ್ ಕಲಿಯುತ್ತಿರುವವರಿಗೆ ಒಂದು ಮಾತು. ಎಆರ್‌ಡಿಯ ರಾತ್ರಿ 8ರ ವಾರ್ತೆ ಟಾಗೆಸ್‌ಶೌ ಹದಿನೈದು ನಿಮಿಷದ್ದು. 2024ರಿಂದ ಅದರ ಸರಳ ಭಾಷೆಯ ಆವೃತ್ತಿಯೂ ಬರುತ್ತಿದೆ. ಕಿಕಾದಲ್ಲಿ ಬರುವ ಲೋಗೋ ಎಂಬ ಮಕ್ಕಳ ವಾರ್ತೆ ದೊಡ್ಡವರಿಗೂ ಒಳ್ಳೆಯ ಪಾಠ. ಇವುಗಳಿಗೆ ಜರ್ಮನ್ ಉಪಶೀರ್ಷಿಕೆ ಹಾಕಿಕೊಳ್ಳಬಹುದು. ಖಾಸಗಿ ವಾಹಿನಿಗಳ ಚಂದಾಕ್ಕಿಂತ ಇವು ಹೊಸಬರಿಗೆ ಹೆಚ್ಚು ಉಪಯುಕ್ತ ಎಂದು ನಾನು ನಂಬಿದ್ದೇನೆ.

ಮನೆಯೊಳಗಿನ ಆಂಟೆನಾ

ಭೂಮಿಯ ಮೇಲಿನ ಗೋಪುರಗಳಿಂದ ಬರುವ ಪ್ರಸಾರವನ್ನು ಜರ್ಮನಿ 2017ರ ಮಾರ್ಚ್ 29ರಿಂದ ಹಂತಹಂತವಾಗಿ ಡಿವಿಬಿ-ಟಿ2 ಎಚ್‌ಡಿ ವಿಧಾನಕ್ಕೆ ಬದಲಿಸಿತು. ಬರ್ಲಿನ್‌ನ ಅಲೆಕ್ಸಾಂಡರ್‌ಪ್ಲಾಟ್ಸ್ ಗೋಪುರ, ಮ್ಯೂನಿಕ್‌ನ ಒಲಿಂಪಿಕ್ ಗೋಪುರ ಮುಂತಾದವುಗಳ ಹತ್ತಿರ ವಾಸಿಸುವವರಿಗೆ 20ರಿಂದ 30 ಯೂರೋದ, ಪುಸ್ತಕದಷ್ಟು ಗಾತ್ರದ ಆಂಟೆನಾ ಕಿಟಕಿಯ ಬಳಿ ಇಟ್ಟರೆ ಸಾಕಾಗುತ್ತದೆ. ಸಾರ್ವಜನಿಕ ವಾಹಿನಿಗಳು ಉಚಿತ. ಖಾಸಗಿ ವಾಹಿನಿಗಳು ಹೆಚ್ಚಿನವು ಗೂಢಲಿಪಿಯಲ್ಲಿರುವುದರಿಂದ ಫ್ರೀನೆಟ್ ಟಿವಿಯ ಚಂದಾ ಮತ್ತು ಅದಕ್ಕೆ ಹೊಂದುವ, ಟಿವಿಗೆ ಸಿಕ್ಕಿಸುವ ಮಾಡ್ಯೂಲ್ ಬೇಕು.

ಇದರ ಗುಣ ಇದರ ಸರಳತೆ. ಯಾರ ಅನುಮತಿಯೂ ಬೇಡ, ಕರಾರಿಲ್ಲ, ಮನೆ ಬದಲಿಸುವಾಗ ಚೀಲದಲ್ಲಿ ಹಾಕಿಕೊಂಡು ಹೋಗಬಹುದು. ಇಂಟರ್ನೆಟ್ ಕೈಕೊಟ್ಟ ದಿನವೂ ವಾರ್ತೆ ಬರುತ್ತದೆ. ಕೊರತೆ ಸ್ಥಳಕ್ಕೆ ಸಂಬಂಧಿಸಿದ್ದು: ಗೋಪುರದಿಂದ ದೂರದ ಹಳ್ಳಿಗಳಲ್ಲಿ, ನೆಲಮಾಳಿಗೆಯ ಕೋಣೆಗಳಲ್ಲಿ, ದಪ್ಪ ಕಾಂಕ್ರೀಟ್ ಗೋಡೆಯ ಹಿಂದೆ ಚಿತ್ರ ಚೂರುಚೂರಾಗಿ ನಿಲ್ಲುತ್ತದೆ. ಕೊಳ್ಳುವ ಮುನ್ನ ಅಂಚೆ ಸಂಖ್ಯೆ ಹಾಕಿ ನೋಡುವ ಅಧಿಕೃತ ಪರಿಶೀಲನೆಯಲ್ಲಿ ನಿಮ್ಮ ಬೀದಿಗೆ ಒಳಾಂಗಣ ಆಂಟೆನಾ ಸಾಕೇ, ಚಾವಣಿಯದೇ ಬೇಕೇ ಎಂದು ತಿಳಿಯುತ್ತದೆ. ಅಂಗಡಿಗೆ ಹಿಂತಿರುಗಿಸಬಹುದಾದ ರಸೀದಿ ಇಟ್ಟುಕೊಂಡು ಮನೆಯಲ್ಲೇ ಒಂದು ವಾರ ಪರೀಕ್ಷಿಸುವುದು ಇನ್ನೂ ಖಚಿತ.

ಕೇಬಲ್

ಹಿಂದೆ ಜರ್ಮನಿಯ ಬಹಳಷ್ಟು ಬಾಡಿಗೆದಾರರಿಗೆ ಕೇಬಲ್ ಟಿವಿ ಬೇಕೋ ಬೇಡವೋ ಎಂಬ ಆಯ್ಕೆಯೇ ಇರಲಿಲ್ಲ. ಮಾಲೀಕರು ಇಡೀ ಕಟ್ಟಡಕ್ಕೆ ಕರಾರು ಮಾಡಿಕೊಂಡು ಆ ಖರ್ಚನ್ನು ಬಾಡಿಗೆಯ ಜೊತೆಗಿನ ನಿರ್ವಹಣಾ ವೆಚ್ಚಕ್ಕೆ ಸೇರಿಸುತ್ತಿದ್ದರು. 2024ರ ಜುಲೈ 1ರಿಂದ ಹಾಗೆ ಸೇರಿಸುವಂತಿಲ್ಲ. ಈಗ ಬೇಕೆಂದವರು ಮಾತ್ರ ತಮ್ಮ ಹೆಸರಿನಲ್ಲಿ ಕರಾರು ಮಾಡಿಕೊಳ್ಳುತ್ತಾರೆ, ಅದಕ್ಕೆ ತಿಂಗಳಿಗೆ ಸುಮಾರು 10 ಯೂರೋ ಆಸುಪಾಸು ತಗಲುತ್ತದೆ. ಎರಡು ವರ್ಷಕ್ಕೆ ಇದು 240 ಯೂರೋ. ವಾರ್ಷಿಕ ನಿರ್ವಹಣಾ ಲೆಕ್ಕಪತ್ರ ಬಂದಾಗ ಆ ದಿನಾಂಕದ ನಂತರದ ಕೇಬಲ್ ಬಾಬ್ತು ಅದರಲ್ಲಿ ಉಳಿದಿದೆಯೇ ಎಂದು ನೋಡಿಕೊಳ್ಳಿ.

ಕೇಬಲ್‌ನ ಬಲ ಅದರ ಸ್ಥಿರತೆ. ಮಳೆ, ಹಿಮ, ಮರದ ಎಲೆ, ವೈಫೈ ಯಾವುದೂ ಅದಕ್ಕೆ ಅಡ್ಡಿಯಲ್ಲ. ಟಿವಿಯೊಳಗಿನ, ಕೇಬಲ್ ಪ್ರಸಾರ ಹಿಡಿಯುವ ಡಿವಿಬಿ-ಸಿ ಟ್ಯೂನರ್‌ಗೆ ನೇರವಾಗಿ ತಂತಿ ಸಿಕ್ಕಿಸಿ ಚಾನೆಲ್ ಹುಡುಕಿದರೆ ಮುಗಿಯಿತು, ಇನ್ನೊಂದು ಬಾಕ್ಸ್ ಬೇಡ, ಇನ್ನೊಂದು ರಿಮೋಟ್ ಬೇಡ. ವಯಸ್ಸಾದವರಿರುವ ಮನೆಗೆ ಇದು ಸಣ್ಣ ಗುಣವಲ್ಲ. ಆದರೆ ಖಾಸಗಿ ವಾಹಿನಿಗಳನ್ನು ಎಚ್‌ಡಿಯಲ್ಲಿ ನೋಡಲು ಹೆಚ್ಚುವರಿ ಚಂದಾ ಕೇಳುವುದು ಸಾಮಾನ್ಯ, ಮತ್ತು ಕನ್ನಡದ ಒಂದು ಚಾನೆಲ್‌ಗಾಗಿಯೂ ಇದನ್ನು ನೆಚ್ಚಿಕೊಳ್ಳುವಂತಿಲ್ಲ.

ಕೇಬಲ್ ಕಂಪನಿಯಿಂದ ಇಂಟರ್ನೆಟ್ ಮಾತ್ರ ತೆಗೆದುಕೊಂಡು ಟಿವಿಯನ್ನು ಬಿಡಬಹುದೆಂಬುದನ್ನು ನೆನಪಿಡಿ. ಎರಡೂ ಒಂದೇ ತಂತಿಯಲ್ಲಿ ಬಂದರೂ ಕರಾರು ಬೇರೆ. ಬಾಗಿಲಿಗೆ ಬಂದ ಮಾರಾಟಗಾರರು ಈ ಸಂಪರ್ಕ ನಿಂತುಹೋಗುತ್ತದೆ, ಇವತ್ತೇ ಸಹಿ ಹಾಕಿ ಎಂದು ಅವಸರಪಡಿಸಿದರೆ ಒಳಗೆ ಬಿಟ್ಟುಕೊಳ್ಳಬೇಕಾದ ಕಡ್ಡಾಯವಿಲ್ಲ. ಸಹಿ ಹಾಕಿಬಿಟ್ಟಿದ್ದರೂ ಮನೆಬಾಗಿಲಲ್ಲಿ ಅಥವಾ ಫೋನಿನಲ್ಲಿ ಆದ ಕರಾರನ್ನು 14 ದಿನದೊಳಗೆ ಕಾರಣ ಹೇಳದೆ ಹಿಂಪಡೆಯುವ ಹಕ್ಕಿದೆ. ಅದನ್ನು ಬರಹದಲ್ಲಿ ಕಳುಹಿಸಿ, ಕಳುಹಿಸಿದ್ದಕ್ಕೆ ಪುರಾವೆ ಇಟ್ಟುಕೊಳ್ಳಿ.

ಡಿಶ್: ಆಸೆ ಎಲ್ಲಿ, ಮಿತಿ ಎಲ್ಲಿ

ಊರಿನಲ್ಲಿ ಡಿಶ್ ನೋಡಿ ಅಭ್ಯಾಸವಿರುವ ನಮ್ಮವರಿಗೆ ಇಲ್ಲಿಯೂ ಮೊದಲು ಹೊಳೆಯುವುದು ಇದೇ. ಸೂಟ್‌ಕೇಸಿನಲ್ಲಿ ಡಿಟಿಎಚ್ ಬಾಕ್ಸ್ ತಂದು ಇಲ್ಲಿ ತಟ್ಟೆ ಕಟ್ಟಿದರೆ ಕನ್ನಡ ಚಾನೆಲ್ ಬರುವುದಿಲ್ಲವೇ ಎಂದು ಇಂದಿಗೂ ಕೇಳುವವರಿದ್ದಾರೆ. ಬರುವುದಿಲ್ಲ, ಅದಕ್ಕೆ ಕಾರಣ ಭೂಮಿಯ ಆಕಾರದಲ್ಲಿಯೇ ಇದೆ. ದೂರದರ್ಶನದ ಡಿಡಿ ಫ್ರೀ ಡಿಶ್ ಬರುವ ಜಿಸ್ಯಾಟ್-15 ಉಪಗ್ರಹ ಭೂಮಧ್ಯರೇಖೆಯ ಮೇಲೆ ಪೂರ್ವಕ್ಕೆ 93.5 ಡಿಗ್ರಿಯಲ್ಲಿದೆ. ಮ್ಯೂನಿಕ್ ಇರುವುದು ಸುಮಾರು 11.6 ಡಿಗ್ರಿಯಲ್ಲಿ. ಲೆಕ್ಕ ಹಾಕಿದರೆ ಆ ಉಪಗ್ರಹ ಮ್ಯೂನಿಕ್‌ನ ದಿಗಂತಕ್ಕಿಂತ ಕೆಳಗಿರುತ್ತದೆ, ಬರ್ಲಿನ್‌ನಿಂದಲೂ ಹಾಗೆಯೇ. ಟಾಟಾ ಪ್ಲೇ ಬಳಸುವ 83 ಡಿಗ್ರಿಯ ಸ್ಥಾನ ಮ್ಯೂನಿಕ್‌ನಿಂದ ದಿಗಂತದ ಮೇಲೆ ಮೂರ್ನಾಲ್ಕು ಡಿಗ್ರಿಯಷ್ಟೇ ಕಾಣುತ್ತದೆ, ಅದರ ಕಿರಣವೂ ಭಾರತದ ಮೇಲೆ ಕೇಂದ್ರೀಕರಿಸಿರುವಂಥದು. ಎಷ್ಟು ದೊಡ್ಡ ತಟ್ಟೆ ತಂದರೂ ಮನೆಬಳಕೆಯ ಮಟ್ಟದಲ್ಲಿ ಈ ಕೊರತೆ ತುಂಬುವುದಿಲ್ಲ.

ಜರ್ಮನ್ ವಾಹಿನಿಗಳಿಗಾದರೆ ಡಿಶ್ ಉತ್ತಮ ಮಾರ್ಗ. ಇಲ್ಲಿನ ತಟ್ಟೆಗಳು ಬಹುತೇಕ ಪೂರ್ವಕ್ಕೆ 19.2 ಡಿಗ್ರಿಯಲ್ಲಿರುವ ಆಸ್ಟ್ರಾ ಉಪಗ್ರಹ ಸಮೂಹದ ಕಡೆ ಮುಖ ಮಾಡಿರುತ್ತವೆ. ಮ್ಯೂನಿಕ್‌ನಿಂದ ನೋಡಿದರೆ ಅದು ದಕ್ಷಿಣದಿಂದ ತುಸು ಪೂರ್ವಕ್ಕೆ ಸರಿದು, ದಿಗಂತದಿಂದ ಸುಮಾರು 34 ಡಿಗ್ರಿ ಎತ್ತರದಲ್ಲಿದೆ. ಬರ್ಲಿನ್‌ನಿಂದ ಸುಮಾರು 30 ಡಿಗ್ರಿ. ಆದ್ದರಿಂದ ಉತ್ತರಕ್ಕೋ ಪಶ್ಚಿಮಕ್ಕೋ ತೆರೆದ ಬಾಲ್ಕನಿಯವರು ಈ ಆಯ್ಕೆಯನ್ನು ಇಲ್ಲಿಯೇ ಬಿಡಬಹುದು. ದಕ್ಷಿಣದ ಬಾಲ್ಕನಿಯವರು ಎದುರಿನ ಮರವನ್ನು ನೋಡಬೇಕು. ಜನವರಿಯಲ್ಲಿ ಎಲೆಯುದುರಿದ ಮರದ ನಡುವೆ ಸಲೀಸಾಗಿ ಬರುವ ಸಿಗ್ನಲ್, ಮೇ ತಿಂಗಳಲ್ಲಿ ಹಸಿ ಎಲೆಗಳು ತುಂಬಿಕೊಂಡಾಗ ಪೂರ್ತಿ ನಿಂತುಹೋಗಬಹುದು.

ತಗಲುವ ಖರ್ಚು ಒಮ್ಮೆ ಮಾತ್ರ: 60ರಿಂದ 80 ಸೆಂಟಿಮೀಟರ್ ತಟ್ಟೆ, ಎಲ್‌ಎನ್‌ಬಿ (ತಟ್ಟೆಯ ಮುಂದೆ ಕೂತು ಸಿಗ್ನಲ್ ಹಿಡಿಯುವ ಭಾಗ), ಕೇಬಲ್, ಸ್ಟ್ಯಾಂಡ್ ಎಲ್ಲ ಸೇರಿ ಸ್ವತಃ ಕಟ್ಟಿಕೊಳ್ಳುವವರಿಗೆ ನೂರು ಯೂರೋ ಆಸುಪಾಸಿನಲ್ಲಿ ಆಗುತ್ತದೆ. ಎರಡು ಕೋಣೆಗಳಲ್ಲಿ ಬೇರೆ ಬೇರೆ ಚಾನೆಲ್ ನೋಡಬೇಕಾದರೆ ಎರಡು ಹೊರದಾರಿಗಳಿರುವ ಎಲ್‌ಎನ್‌ಬಿಯನ್ನೇ ಮೊದಲು ಕೊಳ್ಳಿ. ಆಮೇಲೆ ಬದಲಿಸಲು ಮತ್ತೆ ತಟ್ಟೆ ಹೊಂದಿಸಬೇಕಾಗುತ್ತದೆ. ತಿಂಗಳ ಖರ್ಚಿಲ್ಲದೆ ಸಾರ್ವಜನಿಕ ವಾಹಿನಿಗಳು ಎಚ್‌ಡಿಯಲ್ಲಿ ಬರುತ್ತವೆ. ಖಾಸಗಿ ವಾಹಿನಿಗಳ ಎಚ್‌ಡಿಗೆ ಎಚ್‌ಡಿ ಪ್ಲಸ್ ಎಂಬ ಚಂದಾ ಬೇಕು. ಯಾರೋ ಬಿಟ್ಟುಹೋದ ಹಳೆಯ ರಿಸೀವರ್ ಉಚಿತವಾಗಿ ಸಿಕ್ಕಿತೆಂದು ಹಿಗ್ಗುವ ಮುನ್ನ ಅದು ಎಚ್‌ಡಿ ಹಿಡಿಯುತ್ತದೆಯೇ ನೋಡಿ. ಎಆರ್‌ಡಿ ತನ್ನ ಹಳೆಯ ಎಸ್‌ಡಿ ಉಪಗ್ರಹ ಪ್ರಸಾರವನ್ನು 2025ರ ಜನವರಿ 7ರಂದು ನಿಲ್ಲಿಸಿದೆ.

ಅನುಮತಿಯ ವಿಷಯ ಸೂಕ್ಷ್ಮವಾದದ್ದು. ಬಾಡಿಗೆ ಮನೆಯ ಹೊರಗೋಡೆಗೆ ರಂಧ್ರ ಕೊರೆಯಲು ಮಾಲೀಕರ ಲಿಖಿತ ಒಪ್ಪಿಗೆ ಬೇಕೇ ಬೇಕು. ಜರ್ಮನಿಯ ಸಂವಿಧಾನ ನ್ಯಾಯಾಲಯ 1994ರ ಫೆಬ್ರುವರಿ 9ರಂದು ಟರ್ಕಿ ಮೂಲದ ಬಾಡಿಗೆದಾರರೊಬ್ಬರ ಪ್ರಕರಣದಲ್ಲಿ, ತಾಯ್ನಾಡಿನ ಕಾರ್ಯಕ್ರಮಗಳನ್ನು ನೋಡಬೇಕೆನ್ನುವ ವಿದೇಶೀಯರ ಹಿತಾಸಕ್ತಿ ಮಾಹಿತಿ ಸ್ವಾತಂತ್ರ್ಯದ ಭಾಗ, ಅದನ್ನು ಮಾಲೀಕರ ಆಸ್ತಿ ಹಕ್ಕಿನ ಎದುರು ತೂಗಿಯೇ ತೀರ್ಮಾನಿಸಬೇಕು ಎಂದು ಹೇಳಿತು. ವಲಸೆ ಬಂದವರ ಮನಸ್ಸನ್ನು ಅರಿತ ಈ ತೀರ್ಪಿನ ಬಗ್ಗೆ ನನಗೆ ಬಹಳ ಗೌರವವಿದೆ. ಆದರೆ ನಂತರದ ವರ್ಷಗಳಲ್ಲಿ, ಅದೇ ಕಾರ್ಯಕ್ರಮಗಳು ಕೇಬಲ್ ಅಥವಾ ಇಂಟರ್ನೆಟ್‌ನಲ್ಲಿ ಸಿಗುವುದಾದರೆ ತಟ್ಟೆಯನ್ನು ನಿರಾಕರಿಸಬಹುದೆಂಬ ನಿಲುವನ್ನು ನ್ಯಾಯಾಲಯಗಳು ತಾಳಿವೆ. ಕನ್ನಡಿಗರಿಗಂತೂ ಆಸ್ಟ್ರಾ ತಟ್ಟೆಯಲ್ಲಿ ತಾಯ್ನಾಡಿನ ವಾಹಿನಿಗಳು ಬರುವುದೇ ಇಲ್ಲವಾದ್ದರಿಂದ ಈ ವಾದವನ್ನು ಹಿಡಿದು ಮಾಲೀಕರೊಡನೆ ಜಗಳಕ್ಕಿಳಿಯುವುದರಲ್ಲಿ ಅರ್ಥವಿಲ್ಲ. ಕೊರೆಯದೆ, ಬಾಲ್ಕನಿಯ ಒಳಗೆ ಕಟಕಟೆಗಿಂತ ಕೆಳಗೆ, ಹೊರಗೆ ಕಾಣದಂತೆ ಭಾರದ ಸ್ಟ್ಯಾಂಡಿನ ಮೇಲೆ ಇಟ್ಟ ಚಿಕ್ಕ ತಟ್ಟೆಗೆ ಆಕ್ಷೇಪ ಬರುವುದು ಅಪರೂಪ. ಆದರೂ ಮೊದಲು ಕೇಳಿ ಇಡುವುದೇ ಒಳ್ಳೆಯದು.

ಇಂಟರ್ನೆಟ್ ಮೂಲಕ ಜರ್ಮನ್ ಟಿವಿ

ಟೆಲಿಕಾಂನ ಮಜೆಂಟಾ ಟಿವಿ, ವೈಪು, ಝಾಟೂ ಮುಂತಾದ ಸೇವೆಗಳು ಇಂಟರ್ನೆಟ್ ಮೂಲಕ ಜರ್ಮನ್ ವಾಹಿನಿಗಳನ್ನು ನೇರವಾಗಿ ತೋರಿಸುತ್ತವೆ. ಕೆಲವಕ್ಕೆ ಜಾಹೀರಾತಿನೊಂದಿಗೆ ಉಚಿತ ಆವೃತ್ತಿಯಿದೆ, ಕೆಲವನ್ನು ತಿಂಗಳಿಂದ ತಿಂಗಳಿಗೆ ನಿಲ್ಲಿಸಬಹುದು. ಇದೇ ಇವುಗಳ ದೊಡ್ಡ ಅನುಕೂಲ. ಕಾರ್ಯಕ್ರಮವನ್ನು ತಡೆಹಿಡಿಯುವುದು, ಮುದ್ರಿಸಿಡುವುದು, ಮೊದಲಿನಿಂದ ನೋಡುವುದು ಸಾಧ್ಯ.

ಕೊರತೆ ಎರಡು. ಮೊದಲನೆಯದಾಗಿ, ನೇರಪ್ರಸಾರ ಡಿಶ್‌ಗಿಂತ ಹಲವು ಸೆಕೆಂಡುಗಳಿಂದ ಒಂದು ನಿಮಿಷದವರೆಗೆ ಹಿಂದಿರುತ್ತದೆ. ಫುಟ್‌ಬಾಲ್ ಪಂದ್ಯದ ದಿನ ಪಕ್ಕದ ಮನೆಯವರ ಕೂಗು ಮೊದಲು ಕೇಳಿ, ಗೋಲು ಆಮೇಲೆ ಕಾಣುತ್ತದೆ. ಎರಡನೆಯದಾಗಿ, ಎಲ್ಲ ಭಾರವೂ ನಿಮ್ಮ ಇಂಟರ್ನೆಟ್‌ ಮೇಲೆ ಬೀಳುತ್ತದೆ. ಎಚ್‌ಡಿ ಚಿತ್ರಕ್ಕೆ ಸೆಕೆಂಡಿಗೆ 5ರಿಂದ 8 ಮೆಗಾಬಿಟ್ ಸಾಕು, ಹಾಗಾಗಿ 50ರ ಸಂಪರ್ಕ ಒಂದು ಕುಟುಂಬಕ್ಕೆ ಧಾರಾಳ. ತೊಂದರೆ ಬಹುತೇಕ ರೂಟರ್‌ನಿಂದ ಟಿವಿಯವರೆಗಿನ ಗೋಡೆಗಳದು. ಹಳೆಯ ಕಟ್ಟಡದ ದಪ್ಪ ಗೋಡೆಯಾಚೆ ವೈಫೈ ಸೊರಗಿದ್ದರೆ ಹೆಚ್ಚು ವೇಗದ ಕರಾರು ಕೊಳ್ಳುವ ಬದಲು ಹತ್ತು ಯೂರೋದ ಲ್ಯಾನ್ ತಂತಿ ಎಳೆದು ನೋಡಿ.

ಕನ್ನಡ ವಾಹಿನಿಗಳು

ಇನ್ನು ಊರಿನ ಟಿವಿ. ಮೇಲೆ ಹೇಳಿದ ಕಾರಣಕ್ಕೆ ಇದು ಇಂಟರ್ನೆಟ್‌ನಿಂದಲೇ ಬರಬೇಕು. ಇಲ್ಲಿ ಮೊದಲು ತಿಳಿಯಬೇಕಾದ್ದು ವಾಹಿನಿಗಳ ಒಡೆತನ: ಉದಯ ಟಿವಿ ಸನ್ ಬಳಗದ್ದು, ಝೀ ಕನ್ನಡ ಝೀ ಸಂಸ್ಥೆಯದು, ಕಲರ್ಸ್ ಕನ್ನಡ ಮತ್ತು ಸ್ಟಾರ್ ಸುವರ್ಣ 2024ರ ವಿಲೀನದ ನಂತರ ಜಿಯೋಸ್ಟಾರ್‌ ಅಡಿಯಲ್ಲಿವೆ. ಸನ್ ನೆಕ್ಸ್ಟ್, ಝೀ5, ಜಿಯೋಹಾಟ್‌ಸ್ಟಾರ್ ಎಂದು ಆ್ಯಪ್‌ಗಳೂ ಹಾಗೆಯೇ ಹಂಚಿಹೋಗಿವೆ. ಯಪ್‌ಟಿವಿಯಂಥ ಸೇವೆಗಳು ಹಲವು ಬಳಗಗಳ ವಾಹಿನಿಗಳನ್ನು ಭಾಷೆಯ ಲೆಕ್ಕದಲ್ಲಿ ಕಟ್ಟುಮಾಡಿ ಕೊಡುತ್ತವೆ. ಹಾಗಾಗಿ ಎಲ್ಲ ಕನ್ನಡ ಚಾನೆಲ್ ಬರುವ ಆ್ಯಪ್ ಯಾವುದು ಎಂದು ಹುಡುಕುವುದಕ್ಕಿಂತ, ಮನೆಯವರು ದಿನವೂ ನೋಡುವ ಎರಡು ಮೂರು ಕಾರ್ಯಕ್ರಮ ಯಾವ ವಾಹಿನಿಯವು ಎಂದು ಬರೆದುಕೊಂಡು ಆ ಬಳಗದ ಸೇವೆಯನ್ನು ಆರಿಸುವುದು ಸರಿಯಾದ ದಾರಿ. ಹಕ್ಕುಗಳು ದೇಶದಿಂದ ದೇಶಕ್ಕೆ ಬದಲಾಗುತ್ತವೆ. ಅಮೆರಿಕದ ಗೆಳೆಯರ ಶಿಫಾರಸು ಜರ್ಮನಿಗೆ ಹೊಂದದಿರಬಹುದು. ವರ್ಷದ ಚಂದಾ ಕಟ್ಟುವ ಮುನ್ನ ಒಂದು ತಿಂಗಳು ಕಟ್ಟಿ, ನಿಮಗೆ ಬೇಕಾದ ವಾಹಿನಿ ಇಲ್ಲಿ ನೇರವಾಗಿ ಬರುತ್ತದೆಯೇ, ಹಳೆಯ ಕಂತುಗಳು ಸಿಗುತ್ತವೆಯೇ ಎಂದು ನೋಡಿ.

ಹಳೆಯ ಕಂತುಗಳ ಮಾತು ಏಕೆಂದರೆ, ಭಾರತದ ಸಮಯ ಇಲ್ಲಿಗಿಂತ ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ, ಬೇಸಿಗೆಯಲ್ಲಿ ಮೂರೂವರೆ ಗಂಟೆ ಮುಂದಿದೆ. ಊರಿನ ರಾತ್ರಿ 7.30ರ ಧಾರಾವಾಹಿ ಇಲ್ಲಿ ಮಧ್ಯಾಹ್ನ 3ಕ್ಕೋ 4ಕ್ಕೋ ಬರುತ್ತದೆ. 9ರ ವಾರ್ತೆ ಸಂಜೆ 4.30ಕ್ಕೋ 5.30ಕ್ಕೋ ಬರುತ್ತದೆ. ಕೆಲಸಕ್ಕೆ ಹೋಗುವವರಿಗೆ ನೇರಪ್ರಸಾರದಿಂದ ಪ್ರಯೋಜನ ಕಡಿಮೆ, ಬಿಡುವಾದಾಗ ನೋಡುವ ಸೌಲಭ್ಯವೇ ಮುಖ್ಯ. ಮನೆಯಲ್ಲಿರುವ ಹಿರಿಯರಿಗೆ ಮಾತ್ರ ನೇರಪ್ರಸಾರ ಚೆನ್ನಾಗಿ ಒಗ್ಗುತ್ತದೆ. ಸುದ್ದಿಗಷ್ಟೇ ಆದರೆ ಹಣ ಕೊಡಬೇಕಾಗಿಲ್ಲ: ಟಿವಿ9 ಕನ್ನಡ, ಪಬ್ಲಿಕ್ ಟಿವಿ ಮುಂತಾದ ವಾರ್ತಾ ವಾಹಿನಿಗಳು ಯೂಟ್ಯೂಬ್‌ನಲ್ಲಿ ನೇರವಾಗಿ ಬರುತ್ತವೆ.

ಊರಿನಲ್ಲಿ ಕಟ್ಟಿದ ಚಂದಾವನ್ನೇ ವಿಪಿಎನ್ (ಬೇರೆ ದೇಶದಲ್ಲಿರುವಂತೆ ತೋರಿಸುವ ತಂತ್ರಾಂಶ) ಹಾಕಿ ಇಲ್ಲಿ ನೋಡುವವರಿದ್ದಾರೆ. ಜರ್ಮನಿಯಲ್ಲಿ ವಿಪಿಎನ್ ಬಳಕೆಯೇ ನಿಷಿದ್ಧವೇನಲ್ಲ. ಆದರೆ ದೇಶದ ಮಿತಿಯನ್ನು ದಾಟುವುದು ಆ ಸೇವೆಗಳ ಕರಾರಿಗೆ ವಿರುದ್ಧ, ಖಾತೆ ನಿಂತರೆ ದೂರುವಂತಿಲ್ಲ. ಭಾರತದ ಮೊಬೈಲ್ ಸಂಖ್ಯೆಗೆ ಬರುವ ಒಟಿಪಿಯೂ ಆಗಾಗ ಅಡ್ಡಬರುತ್ತದೆ. ಇದಕ್ಕಿಂತ ಗಂಭೀರವಾದದ್ದು, ಜಗತ್ತಿನ ಎಲ್ಲ ಚಾನೆಲ್ ಬರುತ್ತವೆ ಎಂದು ಪರಿಚಿತರ ಮೂಲಕ ಮಾರಾಟವಾಗುವ ಬಾಕ್ಸ್‌ಗಳ ವಿಷಯ. ಯುರೋಪಿನ ನ್ಯಾಯಾಲಯ 2017ರ ಏಪ್ರಿಲ್ 26ರ ತೀರ್ಪಿನಲ್ಲಿ ಇಂಥ ಬಾಕ್ಸ್‌ಗಳ ಮಾರಾಟ ಹಕ್ಕುಸ್ವಾಮ್ಯದ ಉಲ್ಲಂಘನೆ ಎಂದಿತು. ಅಕ್ರಮ ಮೂಲವೆಂದು ತಿಳಿದು ಅವುಗಳಲ್ಲಿ ನೋಡುವುದನ್ನೂ ಅದು ಹಕ್ಕುಸ್ವಾಮ್ಯ ಕಾನೂನಿನ ವಿನಾಯಿತಿಯ ಒಳಗೆ ಸೇರಿಸಲಿಲ್ಲ. ವೀಸಾದ ಮೇಲೆ ಇರುವವರು ಅಗ್ಗವೆಂದು ಈ ದಾರಿಗೆ ಹೋಗಬಾರದೆಂದು ಒತ್ತಿ ಹೇಳುತ್ತೇನೆ. ಕನ್ನಡದ ವಾಹಿನಿಗಳಿಗೆ ಇಲ್ಲಿ ಹಣ ಕೊಡುವ ವೀಕ್ಷಕರಿದ್ದಾರೆಂದು ಲೆಕ್ಕಕ್ಕೆ ಸಿಗಬೇಕಾದರೂ ಅಧಿಕೃತ ಚಂದಾವೇ ಬೇಕು.

ಟಿವಿ ಮತ್ತು ಸ್ಟಿಕ್

ಭಾರತದಿಂದ ಟಿವಿ ಹೊತ್ತು ತರಬೇಡಿ. ವಿದ್ಯುತ್ತಿನ ತೊಂದರೆಯಿಲ್ಲ, ಎರಡೂ ಕಡೆ 230 ವೋಲ್ಟ್, 50 ಹರ್ಟ್ಸ್. ಪ್ಲಗ್ಗಿಗೆ ಅಡಾಪ್ಟರ್ ಸಾಕು. ತೊಂದರೆ ಟ್ಯೂನರ್‌ ಮತ್ತು ವಾರಂಟಿಯದು. ಜರ್ಮನಿಯಲ್ಲಿ ಮಾರುವ ಸಾಮಾನ್ಯ ಟಿವಿಯಲ್ಲಿ ಆಂಟೆನಾ, ಕೇಬಲ್, ಡಿಶ್ ಮೂರಕ್ಕೂ ಟ್ಯೂನರ್ ಒಳಗೇ ಇರುತ್ತದೆ, ಅಂಗಡಿಯವರ ಮೇಲೆ ಎರಡು ವರ್ಷದ ಕಾನೂನುಬದ್ಧ ಹೊಣೆಯೂ ಇರುತ್ತದೆ. ಹಳೆಯದನ್ನು ಕೊಳ್ಳುವವರು ಡಿವಿಬಿ-ಟಿ2 ಎಚ್‌ಡಿಯ ಹಸಿರು ಗುರುತು ಇದೆಯೇ ನೋಡಬೇಕು. ಅದಿಲ್ಲದ ಟಿವಿಗೆ ಆಂಟೆನಾ ಬೇಕಾದರೆ ಪ್ರತ್ಯೇಕ ರಿಸೀವರ್ ಕೊಳ್ಳಬೇಕಾಗುತ್ತದೆ.

ಇಲ್ಲಿ ಕೊಂಡ ಸ್ಮಾರ್ಟ್ ಟಿವಿಯ ಆ್ಯಪ್ ಅಂಗಡಿಯಲ್ಲಿ ಭಾರತೀಯ ಆ್ಯಪ್‌ಗಳು ಕಾಣದಿರುವುದು ಉಂಟು. ಅದಕ್ಕಾಗಿ ದುಬಾರಿ ಟಿವಿ ಆರಿಸುವ ಬದಲು ಸಾಧಾರಣ ಟಿವಿಗೆ ಫೈರ್ ಟಿವಿ ಸ್ಟಿಕ್ ಅಥವಾ ಗೂಗಲ್ ಟಿವಿಯ ಸಾಧನ ಸಿಕ್ಕಿಸುವುದು ಜಾಣತನ. ಯಾವ ಆ್ಯಪ್ ಸಿಗುತ್ತದೆಂಬುದು ನಿಮ್ಮ ಖಾತೆಯ ದೇಶವನ್ನೂ ಅವಲಂಬಿಸಿರುತ್ತದೆ. ಆ್ಯಪ್ ಇಲ್ಲವಾದರೂ ಫೋನಿನಿಂದ ಟಿವಿಗೆ ಕಳುಹಿಸುವ, ಅಥವಾ ಲ್ಯಾಪ್‌ಟಾಪ್‌ನಿಂದ ಎಚ್‌ಡಿಎಂಐ ತಂತಿ ಎಳೆಯುವ ದಾರಿ ಉಳಿದಿರುತ್ತದೆ. ವಿದ್ಯುತ್ ಇಲ್ಲಿ ದುಬಾರಿ, ಆದ್ದರಿಂದ ಗಾತ್ರ ಆರಿಸುವಾಗ ಶಕ್ತಿ ಲೇಬಲ್ ನೋಡಿ: 100 ವ್ಯಾಟ್‌ನ ಟಿವಿ ದಿನಕ್ಕೆ ನಾಲ್ಕು ಗಂಟೆ ಓಡಿದರೆ ವರ್ಷಕ್ಕೆ 146 ಯೂನಿಟ್.

ಯಾರಿಗೆ ಯಾವುದು

ಹಂಚಿಕೊಂಡ ಮನೆಯ ವಿದ್ಯಾರ್ಥಿಗೆ ನಾನು ಟಿವಿಯನ್ನೇ ಹೇಳುವುದಿಲ್ಲ. ಎಆರ್‌ಡಿ, ಝಡ್‌ಡಿಎಫ್‌ಗಳ ಆ್ಯಪ್ ಲ್ಯಾಪ್‌ಟಾಪ್‌ನಲ್ಲಿ, ಕನ್ನಡ ಸುದ್ದಿ ಯೂಟ್ಯೂಬ್‌ನಲ್ಲಿ, ಪ್ರಸಾರ ಶುಲ್ಕ ಮನೆಮಂದಿಯ ನಡುವೆ ಹಂಚಿಕೊಂಡು. ಒಂದೆರಡು ವರ್ಷಕ್ಕೆ ಬಂದ ಎಂಜಿನಿಯರ್‌ಗೆ ನಗರದಲ್ಲಾದರೆ ಒಳಾಂಗಣ ಆಂಟೆನಾ, ಒಂದು ಸ್ಟಿಕ್, ತಿಂಗಳ ಲೆಕ್ಕದ ಒಂದು ಕನ್ನಡ ಚಂದಾ ಸಾಕು. ಅವರು 24 ತಿಂಗಳ ಟಿವಿ ಕರಾರಿನಿಂದ ದೂರವಿರುವುದೇ ಮೇಲು.

ಶಾಲೆಗೆ ಹೋಗುವ ಮಕ್ಕಳಿರುವ, ಇಲ್ಲಿಯೇ ನೆಲೆಯೂರುತ್ತಿರುವ ಕುಟುಂಬಕ್ಕೆ ಮನೆಯೇ ಉತ್ತರ ಹೇಳುತ್ತದೆ. ಕಟ್ಟಡದಲ್ಲಿ ಸಾಮೂಹಿಕ ಡಿಶ್ ಇದ್ದರೆ ಬೇರೇನನ್ನೂ ಹುಡುಕಬೇಡಿ. ಅದಿಲ್ಲದೆ ಕೇಬಲ್ ಇದ್ದು, ತಡೆಯಿಲ್ಲದ ಚಿತ್ರಕ್ಕೆ ತಿಂಗಳಿಗೆ ಹತ್ತು ಯೂರೋ ಕೊಡಲು ಮನಸ್ಸಿದ್ದರೆ ಕೇಬಲ್. ಇಂಟರ್ನೆಟ್ ಚೆನ್ನಾಗಿದ್ದು ಖಾಸಗಿ ವಾಹಿನಿಗಳೂ ಬೇಕಿದ್ದರೆ ನಿಲ್ಲಿಸಬಹುದಾದ ಇಂಟರ್ನೆಟ್ ಸೇವೆ. ಕನ್ನಡ ಚಂದಾ ಎಲ್ಲ ಸ್ಥಿತಿಯಲ್ಲಿಯೂ ಪ್ರತ್ಯೇಕ. ಸ್ವಂತ ಮನೆ ಕೊಂಡವರಿಗೆ, ದಕ್ಷಿಣಕ್ಕೆ ಚಾವಣಿ ತೆರೆದಿದ್ದರೆ, ಡಿಶ್‌ಗೆ ಸರಿಸಾಟಿಯಿಲ್ಲ.

ಅಪ್ಪ ಅಮ್ಮ ಮೂರು ತಿಂಗಳ ವೀಸಾದಲ್ಲಿ ಬರುವಾಗ ಅವರು ದಿನವೂ ನೋಡುವ ಧಾರಾವಾಹಿಯ ವಾಹಿನಿ ಯಾವುದೆಂದು ಮೊದಲೇ ಫೋನಿನಲ್ಲಿ ಕೇಳಿಕೊಂಡು, ಮೂರು ತಿಂಗಳಿಗಷ್ಟೇ ಚಂದಾ ಕಟ್ಟಿ. ಸ್ಟಿಕ್‌ನ ಮುಖಪುಟದಲ್ಲಿ ಆ ಆ್ಯಪ್ ಮತ್ತು ಯೂಟ್ಯೂಬ್ ಎರಡನ್ನೇ ಮೊದಲ ಸಾಲಿಗೆ ತನ್ನಿ. ನೀವು ಕಚೇರಿಯಲ್ಲಿರುವ ಹೊತ್ತಿನಲ್ಲಿ ಹೊರಗೆ ಭಾಷೆ ಬಾರದ ಅವರಿಗೆ ದಿನದ ಮಧ್ಯಾಹ್ನಗಳು ಬಹಳ ದೀರ್ಘವಾಗಿರುತ್ತವೆ. ಈ ಖರ್ಚಿನಲ್ಲಿ ಉಳಿತಾಯ ಹುಡುಕಬೇಡಿ.

ಭಾರತಕ್ಕೆ ಮರಳುವವರು ಇಂಟರ್ನೆಟ್ ಕರಾರಿನ ಅವಧಿ ಉಳಿದಿದೆ ಎಂದು ಕಂಗೆಡಬೇಕಿಲ್ಲ. ಹೊಸ ವಾಸಸ್ಥಳದಲ್ಲಿ ಆ ಕಂಪನಿ ಸೇವೆ ಕೊಡಲಾಗದಿದ್ದರೆ ಒಂದು ತಿಂಗಳ ಮುನ್ಸೂಚನೆ ಕೊಟ್ಟು ಬಿಡಿಸಿಕೊಳ್ಳಲು ಜರ್ಮನಿಯ ದೂರಸಂಪರ್ಕ ಕಾನೂನು ಅವಕಾಶ ಕೊಡುತ್ತದೆ. ನಗರಸಭೆಯಲ್ಲಿ ವಿಳಾಸ ತೆಗೆಸಿದ ಪತ್ರದ ಪ್ರತಿಯನ್ನು ಜೊತೆಗಿಡಿ, ಅದೇ ಪತ್ರದ ಆಧಾರದಲ್ಲಿ ಪ್ರಸಾರ ಶುಲ್ಕವನ್ನೂ ನಿಲ್ಲಿಸಲು ಬರೆಯಿರಿ, ಏಕೆಂದರೆ ಅದು ತಾನಾಗಿಯೇ ನಿಲ್ಲುತ್ತದೆಂದು ನೆಚ್ಚಿ ಕೂರುವಂತಿಲ್ಲ. ಟಿವಿಯನ್ನು ಮಾತ್ರ ಇಲ್ಲಿಯೇ ಮಾರಿ ಹೋಗುವುದು ಲೇಸು. ಪ್ರಯಾಣಿಕರು ತರುವ ಚಪ್ಪಟೆ ಪರದೆಯ ಟಿವಿಗಳನ್ನು ಭಾರತ ಸರ್ಕಾರ 2013ರ ಆಗಸ್ಟ್‌ನಲ್ಲಿ ಸುಂಕರಹಿತ ಮಿತಿಯಿಂದ ಹೊರಗಿಟ್ಟಿತು, ಮತ್ತು ಇಲ್ಲಿನ ವಾರಂಟಿಯನ್ನು ಬೆಂಗಳೂರಿನ ಸರ್ವಿಸ್ ಸೆಂಟರ್‌ನವರು ಒಪ್ಪುತ್ತಾರೆಂಬ ಭರವಸೆಯೂ ಇಲ್ಲ. ಸ್ಟಿಕ್ ಒಂದನ್ನು ಚೀಲಕ್ಕೆ ಹಾಕಿಕೊಳ್ಳಿ; ಖಾತೆಯ ದೇಶ ಬದಲಿಸಿದರೆ ಅದು ಅಲ್ಲಿಯೂ ನಡೆಯುತ್ತದೆ.